ಕುದುರೆಯ ಜೊತೆ ಪಂದ್ಯ ಕಟ್ಟಿದ ಊರು

ಮಂಡ್ಯದ ಕಡೆ ಹಬ್ಬಕ್ಕೆ ಎತ್ತಿನ ಗಾಡಿ ಓಟ ನಡೆದರೆ, ಯಾವ ಜೋಡಿ ಹೇಗೆ ಗೆದ್ದಿತು ಎಂಬ ವಾದ ಅರಳಿಕಟ್ಟೆಯ ಮೇಲೆ ವಾರಗಟ್ಟಲೆ ನಡೆಯುತ್ತದೆ. ವೇಲ್ಸ್‌ನ ಲ್ಯಾನುರ್ಟಿಡ್ ವೆಲ್ಸ್ ಎಂಬ ಪುಟ್ಟ ಊರಿನವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಗುಡ್ಡಗಾಡಿನಲ್ಲಿ ದೂರ ಓಡಿದರೆ ಮನುಷ್ಯ ಕುದುರೆಗೆ ಸರಿಸಾಟಿ ಎಂದು ಅಲ್ಲಿನ ಮದ್ಯದಂಗಡಿಯಲ್ಲಿ ಮಾತು ಬಂತು. ಅದನ್ನು ಕೇಳಿಸಿಕೊಂಡ ಮಾಲೀಕ ಗಾರ್ಡನ್ ಗ್ರೀನ್ 1980ರಲ್ಲಿ ಓಟವನ್ನೇ ಏರ್ಪಡಿಸಿಬಿಟ್ಟರು. ದೂರ ಸುಮಾರು 35 ಕಿಲೋಮೀಟರ್. ಒಂದು ಕಡೆ ಸವಾರನನ್ನು ಹೊತ್ತ ಕುದುರೆಗಳು, ಇನ್ನೊಂದು ಕಡೆ ಬರಿಗೈ ಓಟಗಾರರು.

ಜಗತ್ತಿನಲ್ಲಿ ವಿಚಿತ್ರ ಆಟಗಳಿಗೆ ಬರವಿಲ್ಲ. ಇಂಗ್ಲೆಂಡಿನ ಕೂಪರ್ಸ್ ಹಿಲ್‌ನಲ್ಲಿ ಉರುಳುವ ಚೀಸ್ ಚಕ್ರದ ಹಿಂದೆ ಜನ ಗುಡ್ಡದಿಂದ ಬಿದ್ದು ಎದ್ದು ಓಡುತ್ತಾರೆ. ಫಿನ್ಲೆಂಡಿನ ಸೊಂಕಯಾರ್ವಿಯಲ್ಲಿ ಹೆಂಡತಿಯನ್ನು ಹೊತ್ತು 253.5 ಮೀಟರ್ ಓಡುತ್ತಾರೆ. ಗೆದ್ದವನಿಗೆ ಅವಳ ತೂಕದಷ್ಟು ಬಿಯರ್. ಇವೆಲ್ಲ ನಕ್ಕು ಮರೆಯುವ ಸಂಗತಿಗಳು. ಕುದುರೆಯ ಓಟ ಹಾಗಲ್ಲ, ಅದು ಆಟದ ವೇಷ ತೊಟ್ಟ ಪ್ರಯೋಗ.

ಪ್ರಯೋಗ ಫಲ ಕೊಡಲು ಕಾಲು ಶತಮಾನ ಹಿಡಿಯಿತು. 2004ರಲ್ಲಿ, ಬಿಸಿಲಿನ ದಿನ, ಹ್ಯೂ ಲಾಬ್ ಎಂಬಾತ ಎರಡು ಗಂಟೆ ಐದು ನಿಮಿಷದಲ್ಲಿ ಗುರಿ ಮುಟ್ಟಿ ಎಲ್ಲ ಕುದುರೆಗಳನ್ನೂ ಹಿಂದಿಕ್ಕಿದ. ವರ್ಷವರ್ಷವೂ ಬೆಳೆಯುತ್ತಾ ಬಂದಿದ್ದ 25,000 ಪೌಂಡ್ ಬಹುಮಾನ ಅವನ ಪಾಲಾಯಿತು.

ಇದು ಹೇಗೆ ಸಾಧ್ಯ? ಕಾಲಿನ ವೇಗದಲ್ಲಿ ನಾವು ಕುದುರೆಯ ಹತ್ತಿರವೂ ಸುಳಿಯಲಾರೆವು. ಓಡುವಾಗ ಸ್ನಾಯುಗಳಲ್ಲಿ ಹುಟ್ಟುವ ಶಾಖವನ್ನು ಹೊರಹಾಕುವುದರಲ್ಲಿ ನಮ್ಮ ಕೈ ಮೇಲು. ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ, ಅದನ್ನು ಮುಚ್ಚುವ ದಟ್ಟ ಕೂದಲಿಲ್ಲ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಕುದುರೆಯೂ ಬೆವರುತ್ತದೆ, ಅದೂ ಧಾರಾಳವಾಗಿ. ಓಡಿ ಬಂದ ಕುದುರೆಯ ಕುತ್ತಿಗೆಯಲ್ಲಿ ಲಗಾಮು ಉಜ್ಜುವ ಕಡೆ ಬಿಳಿ ನೊರೆ ಕಟ್ಟಿರುತ್ತದೆ. ಅದರ ಬೆವರಿನಲ್ಲಿ ಲ್ಯಾದರಿನ್ ಎಂಬ, ಸಾಬೂನಿನ ಗುಣವುಳ್ಳ ಪ್ರೋಟೀನ್ ಇದೆ. ರೋಮದ ನಡುವೆ ನೀರು ಹರಡಲು ಅದು ನೆರವಾಗುತ್ತದೆ. ಆದರೆ ದೊಡ್ಡ ಮೈಗೆ, ತೂಕದ ಲೆಕ್ಕದಲ್ಲಿ, ಚರ್ಮದ ಹರವು ಕಡಿಮೆ. ನಾಗಾಲೋಟದಲ್ಲಿ ಉಸಿರು ಹೆಜ್ಜೆಗೆ ಕಟ್ಟುಬೀಳುತ್ತದೆ: ಒಂದು ನೆಗೆತಕ್ಕೆ ಒಂದೇ ಉಸಿರು. ನಮಗೆ ಆ ಕಟ್ಟುಪಾಡಿಲ್ಲ.

ಲಾಬ್ ಗೆದ್ದ ವರ್ಷವೇ ಡೆನಿಸ್ ಬ್ರಾಂಬಲ್ ಮತ್ತು ಡೇನಿಯಲ್ ಲೀಬರ್‌ಮನ್ 'ನೇಚರ್' ಪತ್ರಿಕೆಯಲ್ಲಿ ಒಂದು ವಾದ ಮುಂದಿಟ್ಟರು. ಹಿಮ್ಮಡಿಯ ಮೇಲಿನ ಉದ್ದನೆಯ ಸ್ನಾಯುರಜ್ಜು, ತಲೆ ಅಲ್ಲಾಡದಂತೆ ಹಿಡಿಯುವ ಕತ್ತಿನ ತಂತು, ದೊಡ್ಡ ಪೃಷ್ಠದ ಸ್ನಾಯು, ಇವೆಲ್ಲ ದೂರದ ಓಟಕ್ಕಾಗಿ ರೂಪುಗೊಂಡವು ಎಂಬುದು ಅವರ ನಿಲುವು. ಒಪ್ಪದವರೂ ಇದ್ದಾರೆ. ನನಗಂತೂ ಬೆವರಿನ ಭಾಗ ಗಟ್ಟಿಯಾಗಿ ಕಾಣುತ್ತದೆ, ಪೃಷ್ಠದ ಭಾಗ ಸ್ವಲ್ಪ ಎಳೆದಂತೆ.

ನೆಲ ಬದಲಾದರೆ ಲೆಕ್ಕವೂ ತಲೆಕೆಳಗು. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಗದ್ದೆಯಲ್ಲಿ ಕೆಸರುಗದ್ದೆ ಓಟಕ್ಕೆ ಇಳಿದವರನ್ನು ಗಮನಿಸಿ. ಕಾಲು ಹೂತಾಗ ಜೇಡಿ ಸುತ್ತಲೂ ಅಮರಿಕೊಳ್ಳುತ್ತದೆ. ಎತ್ತಲು ಹೋದರೆ ಪಾದದ ಕೆಳಗೆ ಗಾಳಿ ನುಗ್ಗಲು ದಾರಿಯಿಲ್ಲ; ಅಲ್ಲಿ ಒತ್ತಡ ಕುಸಿದು, ಮೇಲಿನ ವಾತಾವರಣ ಕಾಲನ್ನು ಕೆಳಕ್ಕೇ ಅದುಮುತ್ತದೆ. ಎಮ್ಮೆ, ಎತ್ತುಗಳ ಸೀಳು ಗೊರಸು ಭಾರ ಬಿದ್ದಾಗ ಅಗಲವಾಗುತ್ತದೆ, ಎತ್ತುವಾಗ ಕೂಡಿಕೊಂಡು ಸಪೂರವಾಗುತ್ತದೆ, ಗಾಳಿಗೆ ಸಂದು ಬಿಡುತ್ತದೆ. ಕಂಬಳದ ಓಟಗಾರರನ್ನು ಉಸೇನ್ ಬೋಲ್ಟ್‌ಗೆ ಹೋಲಿಸುವವರು ಒಂದನ್ನು ಮರೆಯುತ್ತಾರೆ: ಅಲ್ಲಿ ಕೋಣಗಳೂ ಓಟಗಾರನನ್ನು ಎಳೆಯುತ್ತಿರುತ್ತವೆ.

ಹಾಗಾದರೆ ಹಳ್ಳಿಕಾರ್ ಎತ್ತಿನ ಎದುರು ಮನುಷ್ಯನನ್ನು ಓಡಿಸಿದರೆ? ಎತ್ತುಗಳನ್ನು ಹಗುರವಾಗಿ ಕಾಣುವಂತಿಲ್ಲ. ಇದೇ ನಾಡಿನ ಅಮೃತಮಹಲ್ ಎತ್ತುಗಳ ಬಲದಿಂದ ಹೈದರಾಲಿಯ ಸೇನೆ ಚಿದಂಬರಂ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿತೆಂದು ಹಳೆಯ ಬರಹಗಳು ಹೇಳುತ್ತವೆ. ಮನುಷ್ಯನ ಪಕ್ಷ ವಹಿಸುವವರು ಮೊದಲೇ ಷರತ್ತು ಹಾಕಬೇಕು: ದೂರ 30 ಕಿಲೋಮೀಟರಿಗೆ ಕಡಿಮೆ ಇರಬಾರದು, ನೆಲ ಒಣಗಿರಬೇಕು, ಏಪ್ರಿಲ್‌ನ ಮಟಮಟ ಮಧ್ಯಾಹ್ನವಾಗಬೇಕು. ಗಾಳಿಯಲ್ಲಿ ತೇವ ತುಂಬಿರುವ ಕರಾವಳಿಯಲ್ಲಿ ಬೆವರು ಆರದೆ ಬರೀ ಸುರಿಯುತ್ತದೆ. ಮಂಡ್ಯದ ಒಣ ಬಿಸಿಲೇ ಅನುಕೂಲ. ಎತ್ತಿನ ಯಜಮಾನರು ಇದಕ್ಕೆ ಖಂಡಿತ ಒಪ್ಪುವುದಿಲ್ಲ. ಮಗನಂತೆ ಸಾಕಿದ ಜೀವವನ್ನು ಆ ಹೊತ್ತಿನಲ್ಲಿ ನೆರಳಿಗೆ ಕಟ್ಟಿ ನೀರು ತೋರಿಸುವವರು ಅವರು.