ಒಂದೇ ಬೀಗದ ಕೈ ಕಳೆದರೆ ಎಲ್ಲ ಹೋಗಲ್ವಾ?

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ಜೊತೆಗೆ ಕಾಫಿ ಪುಡಿ, ಕಾಳುಮೆಣಸು, ಜೇನು ಆನ್‌ಲೈನ್‌ನಲ್ಲಿ ಮಾರುತ್ತೇವೆ. ಕೆಲಸಕ್ಕೆ ಆರು ಜನ. ಬುಕಿಂಗ್, ಬಿಲ್ಲಿಂಗ್, ಕೊರಿಯರ್ ಎಲ್ಲದರ ಪಾಸ್‌ವರ್ಡೂ ಕೌಂಟರ್ ಮೇಲಿನ ನೋಟ್‌ಬುಕ್‌ನಲ್ಲಿದೆ. ಸಿಂಗಲ್ ಸೈನ್ ಆನ್, ಅಂದರೆ ಒಂದೇ ಲಾಗಿನ್‌ನಿಂದ ಎಲ್ಲ ಆಪ್ ತೆರೆಯುವ ವ್ಯವಸ್ಥೆ, ಮಾಡಿಸೋಣ ಅಂತಾನೆ ಮಗ. ಒಂದೇ ಬೀಗದ ಕೈ ಕಳೆದರೆ ಎಲ್ಲ ಹೋಗಲ್ವಾ?

ಉತ್ತರ: ಹೋಗುತ್ತದೆ. ಆದರೆ ಆ ಒಂದು ಬೀಗದ ಕೈ ನಿಮ್ಮ ಹತ್ತಿರ ಈಗಲೇ ಇದೆ. ಬುಕಿಂಗ್ ಆಪ್‌ನಲ್ಲಿ ‘ಪಾಸ್‌ವರ್ಡ್ ಮರೆತಿರಾ’ ಒತ್ತಿ ನೋಡಿ. ಲಿಂಕ್ ಎಲ್ಲಿಗೆ ಬರುತ್ತದೆ? ನಿಮ್ಮ ಮೇಲ್‌ಗೆ. ಬಿಲ್ಲಿಂಗ್‌ನದ್ದೂ ಅಲ್ಲಿಗೇ, ಕೊರಿಯರ್‌ನದ್ದೂ ಅಲ್ಲಿಗೇ. ಆ ಮೇಲ್ ಕಳ್ಳನ ಕೈಗೆ ಸಿಕ್ಕರೆ ಉಳಿದದ್ದೂ ಸಿಕ್ಕಂತೆ. ಸಿಂಗಲ್ ಸೈನ್ ಆನ್ ಹೊಸ ಅಪಾಯ ತರುವುದಿಲ್ಲ. ಇರುವ ಅಪಾಯವನ್ನು ಒಂದು ಕಡೆ ಕೂಡಿಸುತ್ತದೆ. ಕಾಯುವುದು ಸುಲಭವಾಗುತ್ತದೆ, ಅಷ್ಟೆ.

ತೋಟಕ್ಕೆ ಹೋಲಿಸಿ. ಗೇಟಿನಲ್ಲಿ ರೈಟರ್ (ತೋಟದ ಗುಮಾಸ್ತ) ಮುಖ ನೋಡಿ, ಸಹಿ ಹಾಕಿದ ಚೀಟಿ ಕೊಡುತ್ತಾರೆ. ಗೋಡೌನಿನವನು ಮತ್ತೆ ಊರು ಹೆಸರು ಕೇಳುವುದಿಲ್ಲ, ಸಹಿ ನೋಡಿ ಒಳಗೆ ಬಿಡುತ್ತಾನೆ. ಇಲ್ಲಿ ರೈಟರ್ ಅಂದರೆ ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365, ಜೋಹೋ ಇಂಥದ್ದು. ಪಾಸ್‌ವರ್ಡ್ ಅಲ್ಲಿ ಮಾತ್ರ ಕೊಡುತ್ತೀರಿ. ಬಿಲ್ಲಿಂಗ್ ಆಪ್‌ಗೆ ಹೋಗುವುದು ಸ್ವಲ್ಪ ಹೊತ್ತಿಗೆ ಮಾತ್ರ ನಡೆಯುವ ಡಿಜಿಟಲ್ ಚೀಟಿ. ನಾಳೆ ಆ ಆಪ್‌ನ ಕಂಪನಿಯಲ್ಲಿ ಸೋರಿಕೆಯಾದರೂ ಅಲ್ಲಿ ನಿಮ್ಮ ಪಾಸ್‌ವರ್ಡೇ ಇರುವುದಿಲ್ಲ.

ನನ್ನ ಪ್ರಕಾರ ನಿಮಗೆ ನಿಜವಾದ ಲಾಭ ಇರುವುದು ಕೆಲಸದವರು ಬಿಟ್ಟು ಹೋಗುವಾಗ. ಸೀಸನ್‌ಗೆ ಬಂದ ಹುಡುಗ ಸೀಸನ್ ಮುಗಿದ ಮೇಲೆ ಬೆಂಗಳೂರಿಗೆ ಹೋದ. ಅವನಿಗೆ ಗೊತ್ತಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಯಾರು ಬದಲಾಯಿಸಿದರು? ಯಾರೂ ಇಲ್ಲ, ಅಲ್ವಾ? ಪ್ರತಿಯೊಬ್ಬರಿಗೂ ಸ್ವಂತ ಅಕೌಂಟ್ ಇದ್ದರೆ ಅವನದೊಂದನ್ನು ನಿಲ್ಲಿಸಿದರೆ ಸಾಕು. ಒಂದು ಎಚ್ಚರ: ಆಪ್‌ಗಳಲ್ಲಿ ಹಳೆಯ ಪಾಸ್‌ವರ್ಡ್ ಲಾಗಿನ್ ಹಾಗೇ ಬಿಟ್ಟಿದ್ದರೆ ಹಿಂಬಾಗಿಲು ತೆರೆದೇ ಇರುತ್ತದೆ. ಅದನ್ನೂ ಮುಚ್ಚಿ. ಅವನ ಫೋನ್‌ನಲ್ಲಿ ಮೊದಲೇ ತೆರೆದಿದ್ದ ಲಾಗಿನ್‌ಗಳನ್ನೂ ಸೈನ್ ಔಟ್ ಮಾಡಿಸಿ.

ಇನ್ನು ಆ ಒಂದು ಬೀಗ ಗಟ್ಟಿ ಇರಬೇಕು. ಎರಡನೇ ಹಂತದ ಪರೀಕ್ಷೆ, ಅಂದರೆ ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತು ಕೇಳುವುದು, ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಎಸ್‌ಎಂಎಸ್ ಒಟಿಪಿ ಮಾತ್ರ ನಂಬಬೇಡಿ, ಕೊಡಗಿನಲ್ಲಂತೂ ಬೇಡ. ಕಕ್ಕಡ ಮಾಸದ ಮಳೆಯಲ್ಲಿ ಕರೆಂಟ್ ಹೋಗಿ, ಹಿಂದೆಯೇ ಟವರೂ ಹೋಗುವುದು ನಮಗೆ ಹೊಸದೇನಲ್ಲ. ಇನ್ವರ್ಟರ್ ಮೇಲೆ ವೈಫೈ ಓಡುತ್ತಿರುತ್ತದೆ, ಒಟಿಪಿ ಮಾತ್ರ ಬರಲ್ಲ. ನಾನೂ ಹಾಗೆ ಅರ್ಧ ದಿನ ಕೂತಿದ್ದೇನೆ. ಆಥೆಂಟಿಕೇಟರ್ ಆಪ್‌ಗೆ ಸಿಗ್ನಲ್ ಬೇಡ. ಫೋನಿನ ಗಡಿಯಾರ ಸರಿ ಇದ್ದರೆ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಹೊಸ ಅಂಕೆ ತಾನೇ ಹುಟ್ಟಿಸುತ್ತದೆ. ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದಲೇ ತೆರೆಯುವ ಪಾಸ್‌ಕೀ ಸಿಕ್ಕರೆ ಇನ್ನೂ ಒಳ್ಳೆಯದು, ನಕಲಿ ವೆಬ್‌ಸೈಟ್‌ಗೆ ಅದು ಮೋಸ ಹೋಗುವುದಿಲ್ಲ. ಫೋನ್ ಕೆರೆಗೆ ಬಿದ್ದರೆ? ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ ಒಂದೇ ಸಲಕ್ಕೆ. ಪ್ರಿಂಟ್ ತೆಗೆದು ಕೋವಿ, ಆರ್‌ಟಿಸಿ ಇಡುವ ಬೀರುವಿನಲ್ಲೇ ಇಡಿ. ಅಡ್ಮಿನ್ ಒಬ್ಬರೇ ಬೇಡ. ನೀವು, ಮಗ, ಇಬ್ಬರೂ ಇರಿ.

ಖರ್ಚಿನ ಮಾತು. ಪೂರ್ತಿ ಸಿಂಗಲ್ ಸೈನ್ ಆನ್ ಅನ್ನು ಎಷ್ಟೋ ಆಪ್‌ಗಳು ದುಬಾರಿ ಪ್ಲಾನ್‌ನಲ್ಲಿ ಮಾತ್ರ ಕೊಡುತ್ತವೆ. ಸುರಕ್ಷತೆಗೆ ಜಾಸ್ತಿ ದುಡ್ಡು ಕೀಳುವುದು ನನಗಂತೂ ಸರಿ ಕಾಣುವುದಿಲ್ಲ. ನಿಮ್ಮಂಥವರಿಗೆ ‘ಗೂಗಲ್ ಮೂಲಕ ಸೈನ್ ಇನ್’ ಬಟನ್ನೇ ಬಹುಪಾಲು ಸಾಕು.

ಎಲ್ಲವೂ ಇದಕ್ಕೆ ಸೇರುವುದಿಲ್ಲ. ಜಿಎಸ್‌ಟಿ ಪೋರ್ಟಲ್, ಬ್ಯಾಂಕ್, ವಿದೇಶಿ ಅತಿಥಿ ಬಂದಾಗ 24 ಗಂಟೆಯೊಳಗೆ ತುಂಬುವ ಸರ್ಕಾರಿ ಫಾರ್ಮ್, ಇವಕ್ಕೆಲ್ಲ ಬೇರೆಯೇ ಲಾಗಿನ್. ಅವನ್ನು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ, ಅಂದರೆ ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಕಾಯುವ ಆಪ್‌ನಲ್ಲಿ, ಇಡಿ. ಇಬ್ಬರೇ ನಡೆಸುವ ಅಂಗಡಿಯಾಗಿದ್ದರೆ ಅದೊಂದೇ ಸಾಕು ಅನ್ನುತ್ತಿದ್ದೆ. ಆರು ಜನ ಇದ್ದೀರಿ, ಮಗನ ಮಾತು ಕೇಳಿ.

ನೋಟ್‌ಬುಕ್ ಒಲೆಗೆ ಹಾಕುವ ಮೊದಲು ಅದರಲ್ಲಿರುವ ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿ. ಕೌಂಟರ್ ಮೇಲಿದ್ದ ಪುಸ್ತಕ, ಯಾರ್ಯಾರ ಫೋನ್‌ನಲ್ಲಿ ಅದರ ಫೋಟೋ ಇದೆಯೋ.