ಪದಕಕ್ಕೆ ಇಡೋ ದುಡ್ಡು, ಫೀಸಿಗೆ ಬೇಕಾದ ದುಡ್ಡು

ಮಾರ್ಚ್ ಬಂತೆಂದರೆ ನಮ್ಮ ಆಡಿಟರ್ ಆಫೀಸಿನಲ್ಲಿ ಈ ಮಾತು ಬಂದೇ ಬರುತ್ತದೆ: "ಸಾರ್, ಅಪ್ಪಾಜಿ ಹೆಸರಲ್ಲಿ ಯೂನಿವರ್ಸಿಟಿಗೊಂದು ಗೋಲ್ಡ್ ಮೆಡಲ್ ಇಡೋಣ ಅಂತಿದೀವಿ. ಎಷ್ಟು ಕಟ್ಟಬೇಕು?"

ದಾವಣಗೆರೆಗೆ ದಾನ ಹೊಸದಲ್ಲ. ಚಿಗಟೇರಿ ಆಸ್ಪತ್ರೆ, ರಾಜನಹಳ್ಳಿ ಛತ್ರ ಗೊತ್ತಿಲ್ಲದವರು ಊರಲ್ಲಿ ಯಾರಿದ್ದಾರೆ? ತೋಳಹುಣಸೆಯ ನಮ್ಮ ವಿಶ್ವವಿದ್ಯಾನಿಲಯ ಆದದ್ದು 2009ರಲ್ಲಿ. ಆದರೆ ದತ್ತಿ ಅಂದರೆ ಪದಕವೇ ಅನ್ನೋ ಲೆಕ್ಕಾಚಾರ ಅದಕ್ಕಿಂತ ಹಳೇದು.

ದತ್ತಿಯ ಇಡುಗಂಟನ್ನು ಮುಟ್ಟುವುದಿಲ್ಲ, ಬಡ್ಡಿಯಷ್ಟೇ ಖರ್ಚಿಗೆ. ಒಂದು ಲಕ್ಷಕ್ಕೆ ಶೇ 6.5ರಂತೆ ವರ್ಷಕ್ಕೆ 6,500 ರೂಪಾಯಿ. 2009ರಲ್ಲಿ ಹತ್ತು ಗ್ರಾಂ ಚಿನ್ನ 15 ಸಾವಿರದ ಆಸುಪಾಸಿನಲ್ಲಿತ್ತು. ಆಗ ಇಷ್ಟು ಬಡ್ಡಿಗೆ ನಾಲ್ಕು ಗ್ರಾಂ ಬರುತ್ತಿತ್ತು. 2025ರಲ್ಲಿ ಅದೇ ಹತ್ತು ಗ್ರಾಂ ಲಕ್ಷ ದಾಟಿತು. ಒಂದು ಗ್ರಾಮೂ ಬರೋಲ್ಲ!

ಪದಕ ಬೇಡ ಅಂತಲ್ಲ. ಆದರೆ ಅದು ಸಿಗೋದು ಘಟಿಕೋತ್ಸವದಲ್ಲಿ, ಓದು ಮುಗಿದ ಮೇಲೆ. ಜಗಳೂರಿನಿಂದಲೋ ಮೊಳಕಾಲ್ಮೂರಿನಿಂದಲೋ ಎಂ.ಎ.ಗೆ ಬಂದ ಹುಡುಗಿಗೆ ದುಡ್ಡು ಬೇಕಿರುವುದು ಅಡ್ಮಿಷನ್ ದಿನ, ಆಮೇಲೆ ಹಾಸ್ಟೆಲ್ ಮೆಸ್ ಬಿಲ್ ಬಂದಾಗ. ಸ್ಕಾಲರ್‌ಶಿಪ್ ಖಾತೆಗೆ ಬೀಳುವ ಹೊತ್ತಿಗೆ ಎಷ್ಟೋ ಸಲ ಸೆಮಿಸ್ಟರ್ರೇ ಮುಗಿದಿರುತ್ತದೆ. ಅದೇ 6,500 ಅಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಅಲ್ವಾ?

ದತ್ತಿ ಪತ್ರವನ್ನು ಗಡಿಬಿಡಿಯಲ್ಲಿ ಬರೆಯಬೇಡಿ. "ನಮ್ಮ ತಾಲ್ಲೂಕಿನ, ನಮ್ಮ ಸಮಾಜದ, ಕನ್ನಡದಲ್ಲಿ ಮೊದಲ ಸ್ಥಾನ ಬಂದ ವಿದ್ಯಾರ್ಥಿನಿಗೆ" ಅಂತ ಷರತ್ತಿನ ಮೇಲೆ ಷರತ್ತು ಹಾಕುತ್ತಾರೆ. ಅಂಥವಳು ಸಿಗದ ವರ್ಷ ಬಡ್ಡಿ ಸುಮ್ನೆ ಕೂತಿರುತ್ತದೆ. "ಅರ್ಹರು ಸಿಗದಿದ್ದರೆ ಆ ವರ್ಷ ಯಾವುದೇ ವಿಭಾಗದ ಬಡ ವಿದ್ಯಾರ್ಥಿಗೆ ಕೊಡಬಹುದು" ಅನ್ನೋ ಒಂದು ಸಾಲು ಸೇರಿಸಿ. ಬಡ್ಡಿಯಲ್ಲಿ ಒಂದು ಪಾಲು ಇಡುಗಂಟಿಗೇ ಸೇರಲಿ ಅಂತಲೂ ಬರೆಯಿರಿ. ಇಲ್ಲದಿದ್ದರೆ ಚಿನ್ನದ ಕಥೆ ಫೀಸಿಗೂ ಬರುತ್ತದೆ.

ಇನ್ನು ತೆರಿಗೆ. ದಾನ ಕೊಟ್ಟ ದುಡ್ಡಿಗೆ ಸಿಗುವ, 80ಜಿ ಅಂತಲೇ ಹೆಸರಾದ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ದಾನ ಪಡೆಯುವ ಸಂಸ್ಥೆಗೂ ಅನುಮೋದನೆ ಇರಬೇಕು. ಕಟ್ಟುವ ಮುಂಚೆಯೇ ಕೇಳಿ. 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ, ಚೆಕ್ಕೋ ಆನ್‌ಲೈನೋ ಆಗಬೇಕು. ಯಾರದೋ ಮಗನ ಫೀಸನ್ನು ನೀವೇ ನೇರವಾಗಿ ಕಟ್ಟಿದರೂ ಸಿಗೋಲ್ಲ. ಹಾಗಂತ ಕಟ್ಟೋದು ಬಿಡಬೇಡಿ ಮತ್ತೆ.