ಹೊಸ ಬೈಕಿಗೆ ಸರ್ವಿಸ್ ರಸ್ತೆಯೇ ಸರಿ

ಬೆಂಗಳೂರಿನ ಶೋರೂಮಿನಲ್ಲಿ ಬೈಕ್ ಕೊಂಡು ಅದೇ ದಿನ ಮಂಡ್ಯಕ್ಕೋ ಮೈಸೂರಿಗೋ ಓಡಿಸಿಕೊಂಡು ಬಂದವರು ಗ್ಯಾರೇಜಿನಲ್ಲಿ ಮೊದಲು ತೋಡಿಕೊಳ್ಳುವುದು ಸರ್ವಿಸ್ ರಸ್ತೆಯ ಮೇಲಿನ ಸಿಟ್ಟನ್ನು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್, ಆಟೊ, ಟ್ರ್ಯಾಕ್ಟರ್ ಹತ್ತುವಂತಿಲ್ಲ. ಕಾರಿನವರಿಗಿಂತ ದುಪ್ಪಟ್ಟು ಹೊತ್ತು ಹಿಡಿಯುತ್ತದೆ. ದಾರಿಯುದ್ದಕ್ಕೂ ಹಂಪ್, ಅಡ್ಡ ಬರುವ ದನ, ರಾಂಗ್ ಸೈಡಿನಲ್ಲಿ ಎದುರಾಗುವ ಗಾಡಿ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಎಂಜಿನ್ ಬಿಚ್ಚಿ ಕಟ್ಟುವ ಕೆಲಸದಲ್ಲಿರುವವನಾಗಿ ಹೇಳುತ್ತೇನೆ, ಹೊಸ ಎಂಜಿನ್ನಿನ ಮೊದಲ 100 ಕಿಲೋಮೀಟರಿಗೆ ನುಣ್ಣನೆಯ ಹೆದ್ದಾರಿಗಿಂತ ಈ ರಸ್ತೆಯೇ ಒಳ್ಳೆಯದು.

ಕಾರಣ ಸಿಲಿಂಡರಿನ ಒಳಗಿದೆ. ಹೊಸ ಸಿಲಿಂಡರಿನ ಗೋಡೆ ನೋಡಲು ನುಣುಪು. ಆದರೆ ಕಾರ್ಖಾನೆಯಲ್ಲಿ ಅದರ ಮೇಲೆ ಒಂದಕ್ಕೊಂದು ಅಡ್ಡ ಹಾಯುವ ಸಣ್ಣ ಸಣ್ಣ ಗೀರುಗಳನ್ನು ಹಾಕಿರುತ್ತಾರೆ. ಹೋನಿಂಗ್ ಎಂದರೆ ಅದೇ. ಗೀರುಗಳ ಒಳಗೆ ಆಯಿಲ್ ನಿಲ್ಲುತ್ತದೆ, ಗೀರಿನ ಏಣುಗಳನ್ನು ಪಿಸ್ಟನ್ ರಿಂಗ್ (ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿಗೆ ಸುತ್ತಿದ ಬಳೆ) ಉಜ್ಜಿ ಸವೆಸಿ ತನಗೆ ಜಾಗ ಮಾಡಿಕೊಳ್ಳುತ್ತದೆ. ರಿಂಗ್ ತನ್ನ ಬಿಗುವಿನಿಂದಷ್ಟೇ ಗೋಡೆಗೆ ಒತ್ತಿಕೊಂಡಿರುವುದಿಲ್ಲ. ಪೆಟ್ರೋಲ್ ಉರಿದಾಗಿನ ಒತ್ತಡ ರಿಂಗಿನ ಹಿಂದೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಥ್ರಾಟಲ್ ಕೊಟ್ಟರೆ ಒತ್ತಡ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಈ ಏರಿಳಿತ ಸಿಕ್ಕಷ್ಟೂ ರಿಂಗ್ ಚೆನ್ನಾಗಿ ಕೂರುತ್ತದೆ. ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿಸಿದ ಎಂಜಿನ್ನಿನಲ್ಲಿ ರಿಂಗ್ ಅರೆಬರೆ ಕೂತು, ಗೋಡೆ ಗಾಜಿನ ಹಾಗೆ ನಯವಾಗಿಬಿಡುವ ಅಪಾಯವಿದೆ. ಆಮೇಲೆ ಆಯಿಲ್ ಮೇಲಕ್ಕೆ ನುಸುಳಿ ಉರಿಯುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ. ಸರ್ವಿಸ್ ರಸ್ತೆಯಲ್ಲಿ ಒಂದೇ ವೇಗ ಹಿಡಿಯಲು ಯಾರಿಂದಲೂ ಆಗುವುದಿಲ್ಲ. ಎರಡನೇ ಗೇರು, ಮೂರನೇ ಗೇರು, ಮತ್ತೆ ಹಂಪ್, ಮತ್ತೆ ಎರಡು. ರಿಂಗಿಗೆ ಬೇಕಾದದ್ದೂ ಅದೇ.

"ಅಣ್ಣಾ, ಸಾವಿರ ಕಿಲೋಮೀಟರ್ ಆಗೋ ತನಕ ನಲವತ್ತರ ಮೇಲೆ ಹೋಗ್ಬಾರ್ದಂತಲ್ಲ, ನಮ್ಮಪ್ಪ ಹೇಳಿದ್ರು" ಎನ್ನುವ ಹುಡುಗರು ಬಹಳ. ಅಪ್ಪಂದಿರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅವರು ಕಲಿತದ್ದು ಟೂ ಸ್ಟ್ರೋಕ್ ಗಾಡಿಯಲ್ಲಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1996ರವರೆಗೆ ಇತ್ತು. ನಮ್ಮ ಸೀಮೆಯ ಎಷ್ಟೋ ಮನೆಗಳ ಮೊದಲ ಬೈಕು ಅಲ್ಲಿಂದ ಬಂದ ಜಾವಾ ಅಥವಾ ಯೆಜ್ಡಿ. ಅವುಗಳಲ್ಲಿ ಪಿಸ್ಟನ್ನಿಗೆ ಆಯಿಲ್ ಸಿಗುತ್ತಿದ್ದುದು ಪೆಟ್ರೋಲಿನಲ್ಲಿ ಬೆರೆತು ಮಾತ್ರ. ಹೊಸದರಲ್ಲಿ ಬಿಗಿಯಾಗಿರುವ ಪಿಸ್ಟನ್ ಬಿಸಿಗೆ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡರೆ ಹಿಂದಿನ ಚಕ್ರವೇ ನಿಂತುಬಿಡುತ್ತಿತ್ತು. ನಿಧಾನಕ್ಕೆ ಹೋಗಿ ಎಂದದ್ದು ಪ್ರಾಣ ಉಳಿಸುವ ಮಾತಾಗಿತ್ತು.

ಇಂದಿನ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ಪಂಪ್ ಇದೆ, ಎಣ್ಣೆ ತಾನಾಗಿಯೇ ಮೇಲೇರುತ್ತದೆ. ಇಲ್ಲಿ ಅಂಕಿ ನೋಡಿಕೊಂಡು ನಲವತ್ತಕ್ಕೆ ಅಂಟಿಕೊಳ್ಳುವುದೇ ತಪ್ಪಾಗಬಹುದು. ದೊಡ್ಡ ಬೈಕನ್ನು ಟಾಪ್ ಗೇರಿಗೆ ಹಾಕಿ ನಲವತ್ತರಲ್ಲಿ ಎಳೆಸಿದರೆ ಎಂಜಿನ್ ತಿಣುಕುತ್ತದೆ, ಬೇರಿಂಗುಗಳ ಮೇಲೆ ಭಾರ ಬೀಳುತ್ತದೆ. ಗೇರು ಇಳಿಸಿ, ಎಂಜಿನ್ ಹಗುರವಾಗಿ ತಿರುಗಲಿ. ಅರ್ಧ ಥ್ರಾಟಲ್ ದಾಟಬೇಡಿ, ಆದರೆ ಆ ಅರ್ಧದೊಳಗೆ ಏರಿಸಿ ಇಳಿಸಿ ಓಡಿಸಿ. ಜೊತೆಗೆ ನಿಮ್ಮ ಬೈಕಿನ ಪುಸ್ತಕದಲ್ಲಿ ಮಿತಿ ಬರೆದಿದ್ದರೆ ಅದೇ ಕಡೆಯ ಮಾತು.

ರಸ್ತೆ ಒಳ್ಳೆಯದು ಎಂದ ಮಾತ್ರಕ್ಕೆ ಹೊತ್ತುಗೊತ್ತು ನೋಡದೆ ಹೊರಡಬೇಡಿ. ಬೆಳಿಗ್ಗೆಯೇ ಡೆಲಿವರಿ ಕೊಡಿ ಎಂದು ಪಟ್ಟು ಹಿಡಿಯಿರಿ. ಸಂಜೆ ಗಾಡಿ ಹೊರಬಿದ್ದರೆ ಕೆಂಗೇರಿ ದಾಟುವಷ್ಟರಲ್ಲಿ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಎಂಜಿನ್ ಬಿಸಿಯೇರುತ್ತದೆ. ಗಾಳಿಯಿಂದಲೇ ತಣಿಯುವ ಎಂಜಿನ್ನಿಗೆ ನಿಂತಲ್ಲೇ ಉರಿಯುವುದಕ್ಕಿಂತ ಕೆಟ್ಟದ್ದು ಕಡಿಮೆ. ಆಮೇಲೆ ಮದ್ದೂರಿನಿಂದಾಚೆಗೆ ಕತ್ತಲು, ಹಿಂದೆ ಒಂದು ಲೈಟೂ ಇಲ್ಲದೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರ್. ಈ ವಿಷಯದಲ್ಲಿ ನನಗೆ ನಿಜಕ್ಕೂ ಭಯವಿದೆ. ಹಗಲಲ್ಲೇ ಬನ್ನಿ, ರಾಮನಗರದಲ್ಲೊಮ್ಮೆ, ಮದ್ದೂರಿನಲ್ಲೊಮ್ಮೆ ಕಾಲು ಗಂಟೆ ನಿಲ್ಲಿಸಿ.

ಹೊಸ ಟೈರ್ ಜಾರುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅಚ್ಚಿನಿಂದ ಬಂದ ಮೇಲ್ಮೈ ನಯವಾಗಿರುತ್ತದೆ, ರಸ್ತೆಗೆ ಉಜ್ಜಿ ಒರಟಾಗುವ ತನಕ ಹಿಡಿತ ಕಡಿಮೆ. ಮನೆ ತಲುಪುವವರೆಗಿನ ದಾರಿಯಲ್ಲಿ ಅದನ್ನು ನೆನಪಿಟ್ಟುಕೊಳ್ಳಿ. ಸುಗ್ಗಿ ಕಾಲದಲ್ಲಿ ಒಳರಸ್ತೆ ಹಿಡಿದರೆ ಹುರುಳಿ, ರಾಗಿಯನ್ನು ರಸ್ತೆಯ ಮೇಲೆಯೇ ಹರಡಿ ಒಕ್ಕಣೆ ಮಾಡುತ್ತಿರುತ್ತಾರೆ. ಕಬ್ಬಿನ ಸೋಗೆ ಬಿದ್ದಿರುತ್ತದೆ. ಅದರ ಮೇಲೆ ಬ್ರೇಕ್ ಹಿಡಿಯಬೇಡಿ, ಬಗ್ಗಿಸಬೇಡಿ, ವೇಗವನ್ನು ಮೊದಲೇ ಇಳಿಸಿಕೊಂಡು ನೆಟ್ಟಗೆ ದಾಟಿ. ಹುಲ್ಲು ಸೈಲೆನ್ಸರಿಗೆ ಸಿಕ್ಕಿಕೊಂಡಿದ್ದರೆ ನಿಲ್ಲಿಸಿ ತೆಗೆಯಿರಿ, ಬಿಸಿಗೆ ಹೊತ್ತಿಕೊಳ್ಳುತ್ತದೆ. ಬ್ರೇಕ್ ಪ್ಯಾಡ್ ಕೂಡ ಡಿಸ್ಕಿಗೆ ಇನ್ನೂ ಒಗ್ಗಿರುವುದಿಲ್ಲ. ಒಮ್ಮೆಲೇ ಜೋರಾಗಿ ಹಿಡಿಯುವ ಸಂದರ್ಭ ಬರದಂತೆ ಮುಂದಿನ ಗಾಡಿಯಿಂದ ದೂರವಿರಿ.

ಪೂಜೆಯ ವಿಚಾರವನ್ನೂ ಹೇಳಲೇಬೇಕು. ಹ್ಯಾಂಡಲಿಗೆ ಕಟ್ಟಿದ ಹಾರವನ್ನು ಹೊರಡುವ ಮುಂಚೆ ಬಿಚ್ಚಿ ಡಿಕ್ಕಿಯಲ್ಲೋ ಬ್ಯಾಗಿನಲ್ಲೋ ಇಡಿ. ಅದರ ದಾರ ಸಡಿಲಾಗಿ ಮುಂದಿನ ಚಕ್ರಕ್ಕೆ ಸುತ್ತಿಕೊಂಡರೆ ದೊಡ್ಡ ಅನಾಹುತ. ಅರಿಶಿನ ಕುಂಕುಮ ಟ್ಯಾಂಕಿಗೆ, ಹೆಡ್‌ಲೈಟಿಗೆ ಹಚ್ಚಿ. ಡಿಸ್ಕಿಗೆ ಹಚ್ಚಬೇಡಿ, ಎಣ್ಣೆಯನ್ನಂತೂ ತಾಕಿಸಲೇಬೇಡಿ. ಎಣ್ಣೆ ಹೀರಿದ ಪ್ಯಾಡನ್ನು ಬದಲಿಸದೆ ಗತಿಯಿಲ್ಲ. ಮೈಸೂರಿನವರು ಬಂದ ದಿನವೇ ಚಾಮುಂಡಿ ಬೆಟ್ಟಕ್ಕೆ ಹತ್ತಿಸುತ್ತಾರೆ, ಹಿಂದೆ ಹೆಂಡತಿ, ನಡುವೆ ಮಗು. ದಿನವಿಡೀ ಓಡಿ ಕಾದ ಎಂಜಿನ್ನಿಗೆ ಸುಮಾರು 300 ಮೀಟರ್ ಏರು ಬೇಡ. ಮಾರನೆಯ ಬೆಳಿಗ್ಗೆ ಹೋಗಿ, ಮೇಲೆ ಹೋಗುವಾಗ ಗೇರು ಇಳಿಸಿಕೊಂಡೇ ಹತ್ತಿ, ಇಳಿಯುವಾಗ ನ್ಯೂಟ್ರಲ್ ಮಾಡದೆ ಎರಡನೇ, ಮೂರನೇ ಗೇರಿನಲ್ಲೇ ಬನ್ನಿ. ಎಂಜಿನ್ನೇ ಹಿಡಿದುಕೊಳ್ಳುತ್ತದೆ, ಹೊಸ ಪ್ಯಾಡ್ ಸುಡುವುದಿಲ್ಲ.

ಕಾಗದದ ಬಗ್ಗೆ ಒಂದೇ ಮಾತು. ಗಾಡಿಗೆ ತಾತ್ಕಾಲಿಕ ನೋಂದಣಿ ಮಾಡಿಕೊಟ್ಟಿದ್ದರೆ ಪ್ಲೇಟು ನೋಡಿಕೊಳ್ಳಿ. ಅದರ ಪ್ಲೇಟು ಹಳದಿ, ಅಕ್ಷರ ಕೆಂಪು. ಕೆಂಪು ಪ್ಲೇಟಿನ ಮೇಲೆ ಬಿಳಿ ಅಕ್ಷರದ್ದು ಡೀಲರುಗಳ ನಂಬರು, ಅದನ್ನು ಹಾಕಿ ಕಳಿಸಿದರೆ ಒಪ್ಪಬೇಡಿ.

ರಾತ್ರಿ ತಣ್ಣಗಾದ ಗಾಡಿಯನ್ನು ಬೆಳಿಗ್ಗೆ ಸಮ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ ಆಯಿಲ್ ಮಟ್ಟ ನೋಡಿ, ಕೆಳಗೆ ಹನಿ ಬಿದ್ದಿದೆಯೇ ನೋಡಿ. ಹೊಸ ಚೈನು ಮೊದಲ ಓಟದಲ್ಲೇ ಸ್ವಲ್ಪ ಸಡಿಲವಾಗುತ್ತದೆ, ಬೆರಳಲ್ಲಿ ಎತ್ತಿ ಪರೀಕ್ಷಿಸಿ. ರಿಂಗ್ ಸವೆಸಿದ ಲೋಹದ ಪುಡಿಯೆಲ್ಲ ಈಗ ಆಯಿಲಿನಲ್ಲಿದೆ. ಬಹುತೇಕ ಕಂಪನಿಗಳು ಮೊದಲ ಸರ್ವಿಸನ್ನು 500ರಿಂದ 1000 ಕಿಲೋಮೀಟರಿನೊಳಗೆ ಇಟ್ಟಿರುವುದು ಆ ಪುಡಿಯನ್ನು ಹೊರಹಾಕಲಿಕ್ಕೆ. ಮೈಸೂರು ತಲುಪುವಷ್ಟರಲ್ಲಿ ನಿಮ್ಮ ಮೀಟರಿನಲ್ಲಿ 140ರ ಮೇಲಾಗಿದೆ, ಸರ್ವಿಸಿಗೆ ದಿನ ಈಗಲೇ ಗೊತ್ತುಮಾಡಿ.